ಗದ್ದದ ಗುಳಿ

ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಅವನ ಕೈಯಲ್ಲಿ ಅವನೇ ಬರೆದ ಹೆಂಗಸಿನ ತೈಲಚಿತ್ರ. ಅವಳ ಕೈಯಲ್ಲಿ, ಅವನು ನೋಡಿ ನಕಲು ಮಾಡಿದ್ದ ಹಳೇ ಕಲಾವಿದನ ಮೂಲಚಿತ್ರದ ಅಚ್ಚುಪ್ರತಿ.

“ಇದ್ದದ್ದನ್ನ ಇದ್ದ ಹಾಗೇ ಬರೀಬೇಕು ಅಂದ್ರಲ್ಲ ನಿಮ್ಮ ಮೇಷ್ಟ್ರು?”

“ಹೌದು. ಕಲಿಯೋದೇ ಹಾಗೆ. ಸ್ವಂತದ್ದು ಒಂದು ಗೆರೆನೂ ಸೇರಿಸಬಾರದು.”

“ಈ ಅಚ್ಚಿನಲ್ಲಿರೋಳ ಗದ್ದದಲ್ಲಿ ಗುಳಿ ಇಲ್ಲ. ನಿಮ್ಮವಳಿಗೆ ಇದೆ.”

“ನೆರಳು ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೆ.”

“ಎಡಹುಬ್ಬೂ ಮೇಲೆ ಹೋಗಿದೆ.”

“ಕೈ ಇನ್ನೂ ಪಳಗಿಲ್ಲ ಕಣೇ.”

“ಪಳಗದ ಕೈ ನೆಟ್ಟಗೆ ನಮ್ಮಕ್ಕನ ಮುಖಕ್ಕೇ ಹೋಯ್ತಾ?”

ಅವನು ಚಿತ್ರವನ್ನು ತನ್ನ ಎದೆಯ ಕಡೆ ತಿರುಗಿಸಿಕೊಂಡ.

“ನಿಮ್ಮಕ್ಕನ್ನ ನಾನು ಸರಿಯಾಗಿ ನೋಡೇ ಇಲ್ಲ.”

“ನೋಡ್ಕೊಂಡು ಬರೆದಿದ್ದು ತಪ್ಪಿದೆ. ನೋಡೇ ಇಲ್ಲ ಅನ್ನೋ ಮುಖ ಕೂದಲೆಳೆಯಷ್ಟೂ ತಪ್ಪಿಲ್ಲ.”

“ಚೌಕಟ್ಟು ಬೇಡ ಬಿಡು. ಮನೇಲಿ ಇದರ ಮೇಲೇ ಬಣ್ಣ ಹಚ್ಚಿ ಸರಿಮಾಡ್ತೀನಿ.”

ಅಷ್ಟರಲ್ಲಿ ಅವರ ಸರದಿ ಬಂತು. ಅವಳೇ ಚಿತ್ರವನ್ನು ಕಿತ್ತುಕೊಂಡು ಅಂಗಡಿಯವನ ಮುಂದಿಟ್ಟಳು.

“ಭಾನುವಾರದೊಳಗೆ ಕೊಡಿ. ಅಕ್ಕ, ಭಾವ ಊಟಕ್ಕೆ ಬರ್ತಾರೆ.”

ಮೆಟ್ಟಿಲಿಳಿಯುತ್ತ ಗಂಡನ ಕಡೆ ತಿರುಗಿದಳು.

“ಎಲ್ಲಿ ತಪ್ಪಿದೆ ಅಂತ ಭಾವನೇ ನೋಡಿ ಹೇಳಲಿ.”