ಬಳಗದ ಬ್ಯಾಟರಿಗೆ ಎರಡು ಮಾತು

ವೇದಿಕೆಯ ಮೇಲಿರುವ ಬಳಗದ ಅಧ್ಯಕ್ಷರಾದ ಓಂಕಾರಪ್ಪನವರೇ, ಕಾರ್ಯದರ್ಶಿ ಸೌಜನ್ಯಾ ಅವರೇ, ಲಾಸ್ ಏಂಜಲೀಸ್‌ನಿಂದ ಟ್ರಾಫಿಕ್ ದಾಟಿ ಬಂದಿರುವ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಫೋನ್ ನೋಡುತ್ತಿರುವ ಮಕ್ಕಳೇ, ಬಿಸಿಬೇಳೆಬಾತಿನ ವಾಸನೆಯನ್ನು ಸಹಿಸಿಕೊಂಡು ಕುಳಿತಿರುವ ಸಭಿಕರೇ,

2019ರ ಈ ರಾಜ್ಯೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ‘ಸೌರಸಾಧಕ ಚನ್ನವೀರ’ ಎಂದು ಬಿರುದು ಕೊಟ್ಟಿದ್ದೀರಿ. ಸ್ಯಾನ್ ಡಿಯಾಗೊದ ನಮ್ಮ ಈ ಸಭಾಂಗಣದ ಮೇಲೆ ಸೋಲಾರ್ ಹಾಕಿಸಲು ಓಡಾಡಿದವನು ನಾನು, ನಿಜ. ಇವತ್ತು ನನ್ನ ಪಾಲಿನ ಕೆಲಸವೂ ಚಿಕ್ಕದು. ಇಲ್ಲಿರುವ ಮೇನ್ ಸ್ವಿಚ್ ಆಫ್ ಮಾಡಬೇಕು. ಊರ ಕರೆಂಟ್ ಹೋಗುತ್ತದೆ, ಗೋಡೆಯ ಮೇಲಿನ ಹೊಸ ಬ್ಯಾಟರಿ ದೀಪ ಉರಿಸುತ್ತದೆ, ನೀವು ಚಪ್ಪಾಳೆ ತಟ್ಟುತ್ತೀರಿ. ಅದಕ್ಕೆ ಮೊದಲು ‘ಸೂರ್ಯ: ಮುಗಿಯದ ನಿಧಿ’ ಎಂಬ ವಿಷಯವಾಗಿ ಎರಡು ಮಾತಾಡಬೇಕಂತೆ. ವಿಷಯ ಆರಿಸಿದವರು ಸೌಜನ್ಯಾ. ಒಪ್ಪಿಕೊಂಡವನು ನಾನು. ಈಗ ಒದ್ದಾಡುತ್ತಿರುವವನೂ ನಾನೇ.

ಸೂರ್ಯ ಮುಗಿಯುತ್ತಾನೆಯೇ? ಇಲ್ಲ. ನಮ್ಮ ಕಾಲಕ್ಕಂತೂ ಇಲ್ಲ. ಆದರೆ ಬಿಸಿಲು ಹಿಡಿಯುವ ಸಾಮಾನು? ಫಲಕಕ್ಕೆ ಬೆಳ್ಳಿ ಬೇಕು, ತಂತಿಗೆ ತಾಮ್ರ ಬೇಕು, ಬ್ಯಾಟರಿಗೆ ಲಿಥಿಯಂ ಬೇಕು, ಕೋಬಾಲ್ಟ್ ಬೇಕು. ಮಳೆ ಎಷ್ಟೇ ಸುರಿದರೂ ಮನೆಯಲ್ಲಿ ಇರುವಷ್ಟೇ ಕೊಡ ತುಂಬುವುದಲ್ಲವೇ? ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದಲ್ಲಿ ಉಪಗ್ರಹಗಳಿಗೆ ಸೌರಫಲಕ ಮಾಡುವ ಕೆಲಸದಲ್ಲೇ ನನ್ನ ಕೂದಲು ಉದುರಿತು. ಅಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಆಕಾಶಕ್ಕೆ ಕಳಿಸಿದ ಸಾಮಾನು ಕೆಟ್ಟರೆ ಅಲ್ಲೇ ಸುತ್ತುತ್ತಿರುತ್ತದೆ, ಯಾರ ಹಿತ್ತಲಿಗೂ ಬಂದು ಬೀಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. 2011ರ ಸೆಪ್ಟೆಂಬರ್‌ನಲ್ಲಿ ಇಡೀ ಸ್ಯಾನ್ ಡಿಯಾಗೊವೇ ಕರೆಂಟ್ ಕಳೆದುಕೊಂಡ ದಿನ ನಿಮಗೆ ನೆನಪಿರಬೇಕು. ಅದರ ಹಿಂದಿನ ವರ್ಷ ನಾನು ಮನೆಗೆ ಸೋಲಾರ್ ಹಾಕಿಸಿ, ಆಯುಧಪೂಜೆಯ ದಿನ ಇನ್ವರ್ಟರಿಗೆ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಲೋಕಕ್ಕೆಲ್ಲ ಕತ್ತಲಾದರೂ ನಮ್ಮನೆಯಲ್ಲಿ ದೀಪ ಎಂದು ಕೊಚ್ಚಿಕೊಂಡಿದ್ದೆ. ನೀವು ನಂಬಿದಿರಿ. ಕರೆಂಟ್ ಹೋದದ್ದೇ ತಡ, ಫ್ರಿಜ್ ಖಾಲಿ ಮಾಡಿಕೊಂಡು ನನ್ನ ಬಾಗಿಲಿಗೆ ಬಂದಿರಿ. ದ್ರಾಕ್ಷಾಯಣಿ ಆಂಟಿ ದೋಸೆಹಿಟ್ಟು ತಂದರು, ಸಿದ್ದಲಿಂಗಯ್ಯ ಅಂಕಲ್ ಇನ್ಸುಲಿನ್ ತಂದರು.

ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ. “ಅಂಕಲ್, ಬಿಸಿಲು ಇಷ್ಟೊಂದಿದೆ, ಫ್ಯಾನ್ ಯಾಕೆ ತಿರುಗ್ತಿಲ್ಲ?” ಎಂದು ಸ್ಪಂದನಾ ಕೇಳಿದಳು. ಆಗ ಅವಳು ವಿದ್ಯಾರ್ಥಿನಿ, ಈಗ ದೊಡ್ಡ ಕಂಪನಿಯಲ್ಲಿದ್ದಾಳೆ. ಊರ ಲೈನ್ ಸತ್ತರೆ ಬ್ಯಾಟರಿಯಿಲ್ಲದ ನಮ್ಮಂಥ ಮನೆಯ ಸೋಲಾರ್ ತಾನಾಗಿಯೇ ನಿಲ್ಲಬೇಕು, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಇದು ನನಗೆ ಗೊತ್ತಿತ್ತು. ಕೊಚ್ಚಿಕೊಳ್ಳುವಾಗ ಮಾತ್ರ ನೆನಪಾಗಲಿಲ್ಲ.

ನೀವು ಗ್ಯಾಸ್ ಒಲೆಯ ಮೇಲೆ ದೋಸೆ ಹುಯ್ದು ತಿಂದಿರಿ. ನಕ್ಕಿರಿ. ನಾನೂ ನಕ್ಕೆ. ನಮ್ಮ ಅವ್ವ ಗುರುಬಸವ್ವ, ಇಗೋ ಮುಂದಿನ ಸಾಲಿನಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಕುಳಿತಿದ್ದಾಳೆ, ಅವಳಿಗೆ ಆಗಲೂ ಆಕ್ಸಿಜನ್ ಯಂತ್ರವೇ ಗತಿ. ಅವಳನ್ನು ಕಾರಿನಲ್ಲಿ ಕೂರಿಸಿ, ಎಂಜಿನ್ ಚಾಲೂ ಇಟ್ಟು, ಸಣ್ಣ ಯಂತ್ರವನ್ನು ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದ್ದೆ. ಕಾರಿನಲ್ಲಿ ಪೆಟ್ರೋಲ್ ಕಡಿಮೆ ಇತ್ತು. ಬಂಕಿನ ಪಂಪುಗಳೂ ಕರೆಂಟಿಲ್ಲದೆ ನಿಂತಿದ್ದವು. ಸೌರಸಾಧಕನ ತಾಯಿ ಪೆಟ್ರೋಲಿನಿಂದ ಉಸಿರಾಡುತ್ತಿದ್ದಳು. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಹಾಗಾಗಿ ಮನೆಗೆ ಬ್ಯಾಟರಿ ಕೊಳ್ಳುವ ಕಾಲ ಬಂದಾಗ ನಾನು ಯೋಚಿಸಲೇ ಇಲ್ಲ. ಯೋಚನೆ ಶುರುವಾದದ್ದು ಈ ಬಳಗದ ಬ್ಯಾಟರಿ ಬಂದಾಗ. ಓಂಕಾರಪ್ಪನವರು ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸ ಮಾಡುವವರು, ತಿಳಿದಿರಬಹುದೆಂದು ಕೇಳಿದೆ. ಇದು ಎಲ್ಲಿಂದ ಬಂತು ಸಾರ್? “ಕಂಟೇನರ್‌ನಿಂದ” ಅಂದರು. ಕಂಟೇನರ್ ಎಲ್ಲಿಂದ? “ಹಡಗಿನಿಂದ.” ಅದರೊಳಗಿನ ಲೋಹ ಯಾವ ನೆಲದ್ದು? “ಚನ್ನವೀರ, ಊಟ ಆರಿಹೋಗುತ್ತೆ, ಬನ್ನಿ.” ತಪ್ಪು ತಿಳಿಯಬೇಡಿ ಓಂಕಾರಪ್ಪನವರೇ, ನನಗೂ ಅದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ.

ನಾನೇಕೆ ಕೇಳಿದೆ? ನಮ್ಮದು ಬಳ್ಳಾರಿ ಸೀಮೆಯ ಒಂದು ಊರು. ಅದಿರಿನ ಲಾರಿಗಳು ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತಿದ್ದವು. ಅವ್ವ ಅಗೆದವಳಲ್ಲ, ಲಾರಿಗೆ ತುಂಬಿದವಳಲ್ಲ. ರಸ್ತೆಬದಿಯ ಮನೆಯಲ್ಲಿ ಕುಳಿತು ರೊಟ್ಟಿ ಬಡಿದವಳು. ಅದಿರಿನ ಧೂಳು ಕೂತು ರೊಟ್ಟಿಯೂ ಕೆಂಪಗೆ, ಒಗೆದು ಹಾಕಿದ ಸೀರೆಯೂ ಕೆಂಪಗೆ. 2009ರಲ್ಲಿ ಅವಳನ್ನು ಇಲ್ಲಿಗೆ ಕರೆತಂದಾಗ ಡಾಕ್ಟರು ಎಕ್ಸ್‌ರೇ ನೋಡಿ, “ನಿಮ್ಮ ತಾಯಿ ಎಷ್ಟು ವರ್ಷ ಗಣಿಯಲ್ಲಿ ಕೆಲಸ ಮಾಡಿದರು?” ಎಂದು ಕೇಳಿದರು.

ಮೊನ್ನೆ ಈ ಭಾಷಣ ಬರೆಯುತ್ತ ಕೂತಿದ್ದೆ. ಅವ್ವ ಕೇಳಿದಳು, “ಬ್ಯಾಟರಿಗೂ ನೆಲ ಅಗೀತಾರೇನು?” ಹೌದವ್ವ ಅಂದೆ. “ಅಲ್ಲೂ ಮಂದಿ ಅದಾರೇನು?” ಇರುತ್ತಾರೆ ಅಂದೆ. ಮೂಗಿನ ನಳಿಗೆ ಸರಿಮಾಡಿಕೊಂಡಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. ಅಂದಿದ್ದರೆ ಇವತ್ತು ಎಂಥ ಭಾಷಣ ಆಗುತ್ತಿತ್ತು ನೋಡಿ. “ಅಗೀಲಿ ಬಿಡು. ನಂಗ ಉಸಿರು ಬೇಕು” ಅಂದಳು. ಆಮೇಲೆ ಮುಖ ತಿರುಗಿಸಿಕೊಂಡು, “ನಮ್ಮೂರು ಅಗಿಯೋರೂ ಹಿಂಗ ಅಂದಿರಬೇಕು” ಅಂದಳು.

ನಾನು ಏನು ಹೇಳಲಿ? ಕಲ್ಲಿದ್ದಲನ್ನು ದಿನಾ ಅಗೆದು ದಿನಾ ಸುಡಬೇಕು, ಬ್ಯಾಟರಿಯ ಲೋಹವನ್ನು ಒಮ್ಮೆ ಅಗೆದರೆ ಮತ್ತೆ ಮತ್ತೆ ಕರಗಿಸಿ ಬಳಸಬಹುದು. ಇದು ನಾನೇ ಹೇಳುವ ಮಾತು, ಸುಳ್ಳಲ್ಲ. ಆದರೆ ಎಲ್ಲರೂ ಕರಗಿಸುತ್ತಿದ್ದಾರೆಯೇ? ಎಲ್ಲರಿಗೂ ಸಾಲುವಷ್ಟು ನೆಲದಲ್ಲಿ ಇದೆಯೇ? ಇದೆ ಎನ್ನುವವರ ಲೆಕ್ಕ ಓದಿದರೆ ಇದೆ ಅನ್ನಿಸುತ್ತದೆ. ಇಲ್ಲ ಎನ್ನುವವರದು ಓದಿದರೆ ಇಲ್ಲ ಅನ್ನಿಸುತ್ತದೆ. ಕಡಿಮೆ ಉರಿಸೋಣ ಎಂದರೆ ಮೊದಲು ಯಾವ ಪ್ಲಗ್ ಕೀಳಲಿ? ಈ ಸಭಾಂಗಣದ ತುಂಬ ಎಂಜಿನಿಯರುಗಳಿದ್ದೀರಿ. ಗೊತ್ತಿದ್ದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿದು ಹೇಳಿ. ನನಗಂತೂ ತಲೆ ಕೆಟ್ಟಿದೆ.

ಸೌಜನ್ಯಾ ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ. ಫಲಕ ಹೊತ್ತು ಮೇಲೆ ಹತ್ತಿದವರಿಗೆ, ಅಡುಗೆಮನೆಯಲ್ಲಿ ನಿಂತು ಬೆವರಿದವರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ನಾನು ಋಣಿ. ಇನ್ನೊಂದು ಊರಿದೆ. ಅದರ ಹೆಸರು ನನಗೆ ಗೊತ್ತಿಲ್ಲ, ಅದು ಯಾವ ದೇಶದಲ್ಲಿದೆಯೋ ತಿಳಿಯದು. ಅಲ್ಲಿ ರಸ್ತೆಬದಿಯಲ್ಲಿ ಕುಳಿತು ಅಡುಗೆ ಮಾಡುವ ತಾಯಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ. ನಮ್ಮೂರಿಗೂ ಯಾವುದೋ ಸಭೆಯಲ್ಲಿ ಯಾರೋ ಹೀಗೆ ಕೈ ಮುಗಿದಿರಬಹುದು. ನಮ್ಮ ಅವ್ವನವರೆಗೆ ಅದು ಬಂದು ಮುಟ್ಟಲಿಲ್ಲ.

ಅವ್ವನ ಯಂತ್ರದ ಪ್ಲಗ್ ಇದೇ ಗೋಡೆಯಲ್ಲಿದೆ. ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದೇನೆ. ಅವಳು ಅಲ್ಲಿಂದಲೇ ಸನ್ನೆ ಮಾಡುತ್ತಿದ್ದಾಳೆ, ಒತ್ತು ಎಂದು.

ಒತ್ತುತ್ತೇನೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಯಂತ್ರದ ಸದ್ದು ನನಗೆ ಕೇಳಿಸಬೇಕು.

ನಮಸ್ಕಾರ.