ಹೆಂಗಸರ ಸರದಿ ಮತ್ತು ನನ್ನ ಎಡಮಂಡಿ

ಮಾನ್ಯ ಅಧ್ಯಕ್ಷರಾದ ತೌನೊ ಅವರೇ, ಇಂದು ಸನ್ಮಾನ ಸ್ವೀಕರಿಸಿದ ನಮ್ಮ ಸಿರ್ಕ್ಕು ಮೇಡಂ ಅವರೇ, ಏಲಕ್ಕಿ ಬನ್ನನ್ನು ಅರ್ಧಕ್ಕೆ ಬಿಟ್ಟು ನನ್ನತ್ತ ನೋಡುತ್ತಿರುವ ನಮ್ಮ ಹಾಪಾಲಹ್ತಿ ಊರಿನ ಹಿರಿಯ ಸಭಿಕರೇ,

ಮೇಡಂ ನಡೆಸುವ ಮಂಡಿನೋವಿನ ತರಗತಿಯ ಬಗ್ಗೆ ಎರಡು ಮಾತಾಡಲು ನನಗೆ ಅಪ್ಪಣೆಯಾಗಿದೆ. ನಲವತ್ತು ವರ್ಷ ಈ ಸರೋವರದಲ್ಲಿ ತುಟಿ ಬಿಚ್ಚದೆ ಜನರನ್ನು ದಡ ಮುಟ್ಟಿಸಿದ ದೋಣಿಯವನ ಕೈಗೆ ಮೈಕು ಕೊಟ್ಟಿದ್ದೀರಿ. ಇನ್ನು ಅನುಭವಿಸಿ.

ತರಗತಿಯಲ್ಲಿ ಏನಿರುತ್ತದೆ? ಉಸಿರಾಟ, ನಿಧಾನದ ಹೆಜ್ಜೆ, ಕಣ್ಣು ಮುಚ್ಚಿ ನೋವನ್ನು ಗಮನಿಸುವುದು. ಮೊದಲು ಪ್ರತಿಯೊಬ್ಬರೂ ತಮ್ಮ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಡಬೇಕು. ನಾನು ಆರು ವಾರ ಸೊನ್ನೆ ಎಂದೆ. ನಮ್ಮಲ್ಲಿ ಗಂಡಸಾದವನು ಬೇರೇನು ಹೇಳುತ್ತಾನೆ? ಕಾಲಿನ ಮೇಲೆ ಮರ ಬಿದ್ದಾಗಲೂ ನಮ್ಮಪ್ಪ ಹೇಳಿದ್ದು "ಪರವಾಗಿಲ್ಲ" ಎಂದೇ. ಏಳನೆಯ ವಾರ ಮೇಡಂ ನನ್ನ ಮುಂದೆ ನಿಂತರು.

"ಕಾಲೆರ್ವೊ ಅವ್ರೇ, ನಿಮ್ದು ಸೊನ್ನೆ ತಾನೆ? ಕುರ್ಚಿ ಹಿಡೀದೆ ಎದ್ದು ತೋರ್ಸಿ, ನೋಡೋಣ."

ಎದ್ದೆ ಅಂದುಕೊಂಡಿರಾ? ಅರ್ಧ ಎದ್ದು ದೊಪ್ಪನೆ ಕೂತೆ. "ಎಂಟು," ಎಂದೆ.

"ಸದ್ಯ, ಬಾಯಿ ಬಿಟ್ರಲ್ಲ. ಇನ್ಮೇಲೆ ಏನಾದ್ರೂ ಕಲಿಸ್ಬಹುದು."

ನೋವು ಮಾಯವಾಯಿತೆ? ಇಲ್ಲ ಸ್ವಾಮಿ. ಎಂಟು ಇದ್ದದ್ದು ನಾಲ್ಕಾಗಿದೆ, ಚಳಿ ಹೆಚ್ಚಿದ ದಿನ ಐದು. ಆದರೆ ಗಮನಿಸುತ್ತ ಗಮನಿಸುತ್ತ ಒಂದು ಗುಟ್ಟು ರಟ್ಟಾಯಿತು. ಸೌದೆ ಒಡೆಯುವಾಗ ನಾಲ್ಕು. ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಮೇಲಿನ ಹಲಗೆ ಹತ್ತುವಾಗ ಐದು. ಈ ಸಭಾಂಗಣದಲ್ಲಿ ಶನಿವಾರದ ಟ್ಯಾಂಗೊ ಕುಣಿತ ಇದೆ ಎಂದು ನೆನೆದರೆ ಸಾಕು, ಕೂತಲ್ಲೇ ಎಂಟು.

ಯಾಕೆ? ಇದನ್ನು ಹೇಳಬೇಕೆಂದು ಬಂದವನಲ್ಲ. ಹೆಂಡತಿ ತೀರಿಕೊಂಡ ಮೇಲೆ ನಾನು ಕುಣಿದಿರಲಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ, ಹೆಂಗಸರೇ ಬಂದು ಗಂಡಸರನ್ನು ಕುಣಿತಕ್ಕೆ ಕರೆಯುವ ಹೆಂಗಸರ ಸರದಿಯಲ್ಲಿ, ನಮ್ಮೂರಿನವರೇ ಆದ ಲೆಂಪಿ ಅವರು ಈ ನೆಲವನ್ನು ಆ ತುದಿಯಿಂದ ಈ ತುದಿಗೆ ದಾಟಿ ಬಂದು ನನ್ನೆದುರು ಕೈ ಚಾಚಿದರು. ಹೆಂಗಸರ ಸರದಿಯಲ್ಲಿ ಒಲ್ಲೆ ಎಂದವನಿಗೆ ನಮ್ಮೂರಿನಲ್ಲಿ ಕಾಫಿ ಕೊಡುವವರೂ ಯೋಚಿಸುತ್ತಾರೆ. ನಾನು "ಮಂಡಿ" ಎಂದೆ. ಅಷ್ಟೇ. "ಇರ್ಲಿ ಬಿಡಿ," ಎಂದು ಅವರು ಎಲ್ಲರ ಕಣ್ಣೆದುರು ಅಷ್ಟೇ ದೂರ ಒಬ್ಬರೇ ವಾಪಸ್ಸು ನಡೆದರು.

ಮಂಡಿ ನೋಯುತ್ತಿದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆಯಾಗಿತ್ತು. ಆಮೇಲೆ ತರಗತಿಯಲ್ಲಿ ಅವರ ಪಕ್ಕದಲ್ಲೇ ನಿಂತು ಮೂವತ್ತು ವಾರ ಒಟ್ಟಿಗೆ ಉಸಿರಾಡಿದ್ದೇನೆ, ಒಂದು ಮಾತೂ ಆಡಿಲ್ಲ. ನನಗೆ ನಾಚಿಕೆಯಾಗುತ್ತದೆ.

ಸಭೆ ಮುಗಿದ ಮೇಲೆ ಮೊದಲೆರಡು ಹಾಡು ಹೆಂಗಸರ ಸರದಿ ಎಂದು ಅಧ್ಯಕ್ಷರು ತಿಳಿಸಿದ್ದಾರೆ. ಆಗ ಗಂಡಸು ಹೋಗಿ ಕರೆಯುವಂತಿಲ್ಲ, ನಿಯಮ ನಿಯಮವೇ. ಮೂರನೆಯ ಸಾಲಿನಲ್ಲಿ ಕೂತಿರುವ ಒಬ್ಬರ ಗಮನಕ್ಕೆ ಮಾತ್ರ ತರುತ್ತೇನೆ: ಈ ಕ್ಷಣ ನನ್ನ ನೋವು ನಾಲ್ಕು. ಇಲ್ಲಿಂದ ಇಳಿದ ಮೇಲೆ ನಾನು ಕೂರುವುದಿಲ್ಲ. ಈ ತುದಿಯ ಗೋಡೆಯ ಹತ್ತಿರ ನಿಂತರೆ ಅವರಿಗೆ ಬರಲು ದೂರವಾಗುತ್ತದೆ, ಅದಕ್ಕೇ ಆ ತುದಿಯಲ್ಲಿ, ಮೂರನೆಯ ಸಾಲಿನ ಪಕ್ಕದಲ್ಲೇ ನಿಂತಿರುತ್ತೇನೆ.

ಸಿರ್ಕ್ಕು ಮೇಡಂಗೆ ಎರಡೂ ಮಂಡಿಗಳ ಪರವಾಗಿ ವಂದನೆಗಳು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಮಸ್ಕಾರ.