ಸಾಹುಕಾರನಿಗೆ ಕಾಣದ ಚುಕ್ಕಿಗಳು

ನೋಡಿ ತಾಯಂದಿರೇ, ಬಯಲುಸೀಮೆಯ ಒಂದೂರಲ್ಲಿ ಮಹಾರುದ್ರಪ್ಪ ಎಂಬ ಸಾಹುಕಾರನಿದ್ದ. ಎರಡು ಎಣ್ಣೆ ಗಿರಣಿಯ ಒಡೆಯ. ದಾನಿಯೂ ಹೌದು. ಆದರೆ ಕೊಟ್ಟಿದ್ದನ್ನು ಜನ ನೋಡಬೇಕು, ನೋಡಿ ಹೊಗಳಬೇಕು. ಅಂಥ ದಾನಿ. ನಮ್ಮಲ್ಲಿ ಅಂಥವರು ಇಲ್ಲ ಬಿಡಿ.

ಒಮ್ಮೆ ಆತ ಕಣ್ಣಿನ ಶಿಬಿರ ಮಾಡಿಸಿದ. ಪೊರೆ ಬಂದ ನಲವತ್ತು ಮಂದಿಗೆ ಪೇಟೆಯಲ್ಲಿ ಆಪರೇಷನ್ ಮಾಡಿಸಿ, ಕರೆತಂದು ಊರ ಶಾಲೆಯಲ್ಲಿ ಇರಿಸಿದರು. ಪಟ್ಟಿ ಬಿಚ್ಚಿದ ದಿನ ಸಂಜೆ ಸಾಹುಕಾರ ತಾನೇ ಬಂದು ಕುರ್ಚಿ ಹಾಕಿಸಿಕೊಂಡು ಕೂತ. ಒಬ್ಬೊಬ್ಬರೇ ಬಂದು ಕೊಂಡಾಡಿ ಹೋದರು.

ಒಬ್ಬಳು ಮಾತ್ರ ಬರಲಿಲ್ಲ. ಫಕೀರವ್ವ, ಕೌದಿ ಹೊಲಿಯುತ್ತಿದ್ದ ಮುದುಕಿ. ಒಂಬತ್ತು ವರ್ಷ ಕತ್ತಲಲ್ಲೇ ಕಳೆದವಳು. ಅಂಗಳದಲ್ಲಿದ್ದಾಳೆ, ಎಷ್ಟು ಕರೆದರೂ ಒಳಗೆ ಬರುತ್ತಿಲ್ಲ ಎಂದರು. ಇಷ್ಟು ಸೊಕ್ಕೇ ಎಂದುಕೊಂಡು ಸಾಹುಕಾರ ಎದ್ದು ಹೊರಗೆ ಬಂದ.

ಅಷ್ಟೊತ್ತಿಗೆ ಕತ್ತಲಾಗಿತ್ತು, ಅಮಾವಾಸ್ಯೆ ಬೇರೆ. ಊರಿಗೆಲ್ಲ ಕರೆಂಟು ಹೋಗಿತ್ತು. ಮುದುಕಿ ಮಣ್ಣಲ್ಲಿ ಕೂತು, ಮುಖ ಮೇಲೆತ್ತಿ ಅಳುತ್ತಿದ್ದಳು. ಕಣ್ಣು ಕೊಟ್ಟವನು ಬಂದಿದ್ದೇನೆ, ಇತ್ತ ನೋಡಬಾರದೇ ಎಂದ. ಅವಳು ತಿರುಗಲಿಲ್ಲ.

"ಸಾವ್ಕಾರ್ರ, ನಾ ನೋಡದಿದ್ರೂ ಈ ಚುಕ್ಕಿ ಒಂಬತ್ತ ವರ್ಷ ದಿನಾ ಮೂಡ್ಯಾವ್ರಿ. ಒಂದೂ ಕಡಿಮಿ ಆಗಿಲ್ಲ. ನೋಡ್ರಿ, ತಲಿ ಮ್ಯಾಲ ಹ್ಯಾಂಗ ಕಿಕ್ಕಿರದ ನಿಂತಾವ."

ಸಾಹುಕಾರ ತಲೆಯೆತ್ತಿದ. ಏನು ಕಂಡಿತು? ಕಪ್ಪು. ಕಣ್ಣುಜ್ಜಿಕೊಂಡ. ಮತ್ತೆ ಕಪ್ಪು. ಮೋಡ ಇರಬೇಕು ಎಂದ. ಮೋಡವೆಲ್ಲಿದೆ ಎಂದು ಮುದುಕಿ ಅವನ ಕೈ ಹಿಡಿದು, ಅವನದೇ ಬೆರಳಿನಿಂದ ತೋರಿಸತೊಡಗಿದಳು, ಇಲ್ಲೊಂದು, ಅದರ ಬಗಲಿಗೊಂದು ಎಂದು. ನಲವತ್ತು ಮಂದಿಗೆ ಕಣ್ಣು ಕೊಡಿಸಿದವನಿಗೆ ಒಂದೇ ಒಂದು ಚುಕ್ಕಿ ಕಾಣುತ್ತಿಲ್ಲ! ಯಾವಾಗಿನಿಂದ? ಅದಾದರೂ ಅವನಿಗೆ ಗೊತ್ತೇ? ಹೇಗೆ ಗೊತ್ತಾಗಬೇಕು, ಇಪ್ಪತ್ತು ವರ್ಷದಿಂದ ಅವನು ತಲೆಯೆತ್ತಿ ನೋಡಿಯೇ ಇರಲಿಲ್ಲ.

"ಅವ್ವಾ, ನನಗ ಒಂದೂ ಕಾಣವಲ್ವು," ಎಂದ. ಅವನು ಯಾರನ್ನಾದರೂ ಅವ್ವಾ ಎಂದು ಕರೆದದ್ದನ್ನು ಆ ಊರು ಅಂದೇ ಮೊದಲು ಕೇಳಿತು.

ಮರುದಿನ ಪೇಟೆಯ ಡಾಕ್ಟರಮ್ಮ ಪರೀಕ್ಷಿಸಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಸವೆದಿದೆ. ನೋವೇ ಇಲ್ಲದೆ ದೃಷ್ಟಿ ತಿನ್ನುವ ರೋಗ. ಹೋದದ್ದು ಬರುವುದಿಲ್ಲ, ದಿನಾ ಹನಿ ಹಾಕಿದರೆ ಇದ್ದಷ್ಟನ್ನು ಉಳಿಸಿಕೊಳ್ಳಬಹುದು ಎಂದರು. ಅಂದು ಸಂಜೆ ಸಾಹುಕಾರ ಮನೆಗೆ ಹೋಗಲಿಲ್ಲ, ನೇರ ಫಕೀರವ್ವನ ಗುಡಿಸಲ ಮುಂದೆ ಬಂದು ನೆಲದ ಮೇಲೆ ಕೂತ. ಡಾಕ್ಟರಮ್ಮ ಅಂದದ್ದನ್ನು ಹೇಳಿದ. ಅವಳು ಗಾಬರಿಯಾದಳು. ಉಳಿದಷ್ಟು ದೃಷ್ಟಿಗಾದರೂ ಮೇಲೆ ನೋಡಿ ಶಿವನಿಗೆ ಕೈ ಮುಗಿಯಿರಿ ಎಂದಳು.

"ಮ್ಯಾಲ ನೋಡೂ ಕಣ್ಣು ಹೋದ್ವು ಅವ್ವಾ. ನೀ ನೋಡಿ ಹೇಳ, ನಾ ಕೈ ಮುಗಿತೀನಿ."

ಈಗ ನಿಮ್ಮನ್ನು ಕೇಳುತ್ತೇನೆ. ನಿನ್ನೆ ರಾತ್ರಿ ಆಕಾಶದಲ್ಲಿ ಏನಿತ್ತು? ಹೇಳಿ. ಯಾಕೆ, ಯಾರೂ ಮಾತಾಡುವುದಿಲ್ಲ? ಕಣ್ಣಿದೆಯಲ್ಲ! ಇವತ್ತು ಬಾಗಿಲು ಹಾಕುವ ಮೊದಲು ಅಂಗಳದ ದೀಪ ಆರಿಸಿ ಮೇಲೆ ನೋಡಿ. ಒಂದೇ ಒಂದು ಕಂಡರೂ ಸಾಕು, "ಕಂಡಿತು ಶಿವನೇ" ಎನ್ನಿ. ದಿನಾ ಎನ್ನಿ. ಆಮೇಲೆ ಒಳಗೆ ಹೋಗಿ. ಕಣ್ಣು ಮಂಜಾದ ಅತ್ತೆಯೋ ತಂದೆಯೋ ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂತು, ಕಂಡದ್ದನ್ನು ಅವರಿಗೆ ಹೇಳಿ. ಕಣ್ಣು ಕೊಟ್ಟವನು ನಾನು ಎಂದ ಸಾಹುಕಾರನ ಹಾಗೆ, ನಿಮ್ಮನ್ನು ನಾನು ಸಾಕುತ್ತಿದ್ದೇನೆ ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಇನ್ನು ಬರಕೂಡದು.